ಎತ್ತರಿಸಿದ ಜೀಪು

"ಬುದ್ಧಿ, ಹಿಡಿದ ವ್ರತವನ್ನು ಬಿಡಬೇಕೋ, ಒಪ್ಪಿಕೊಂಡ ಕೆಲಸವನ್ನು ಬಿಡಬೇಕೋ?"

ಕೇಳಿದವನು ನಾಗಲಿಂಗ. ಬೆಟ್ಟದ ಬುಡದ ಮಠದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಷ್ಯ. ಕಾಡಿನ ಊರುಗಳಿಂದ ಓದಲು ಬಂದು ಮಠದಲ್ಲೇ ಉಳಿದ ಮಕ್ಕಳ ಸ್ನಾನ, ಊಟ, ಅಕ್ಷರ ಎಲ್ಲವೂ ಅವನ ಹೊಣೆ. ಕೆಲವು ಕಾಲದಿಂದ ಅವನು ಮೌನವ್ರತ ಹಿಡಿದಿದ್ದ. ಮೊದಲು ಬೆಳಗಿನ ಹೊತ್ತು ಮಾತ್ರ ಮೌನ. ಆಮೇಲೆ ಮಧ್ಯಾಹ್ನದವರೆಗೆ. ಈಗ ಸಂಜೆ ದೀಪ ಹಚ್ಚುವ ತನಕ ಅವನ ಬಾಯಿಂದ ಒಂದು ಮಾತು ಬರುತ್ತಿರಲಿಲ್ಲ.

ಗುರು ನಿರ್ವಾಣಯ್ಯನವರು ಜಗಲಿಯ ಮೇಲೆ ಕುಳಿತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ದೀಪ ಹಚ್ಚಿದರೇನು? ಸರಿ, ಮಾತಾಡು. ಏನಾಯಿತು?"

"ಮಾತಾಡದೆ ಪಾಠ ಹೇಳುವುದಾಗುತ್ತಿಲ್ಲ. ಮಕ್ಕಳು ನನ್ನ ಕೈಸನ್ನೆಗೆ ಹೆದರುತ್ತಾರೆ. ನಿನ್ನೆ ಒಂದು ಮಗು ಜ್ವರದಲ್ಲಿ ನನ್ನನ್ನು ಕೂಗಿತು. ಹತ್ತಿರ ಹೋದೆ, ಹಣೆ ಮುಟ್ಟಿದೆ. ಓಗೊಡಲಿಲ್ಲ. ಅದು ಅಳುತ್ತಲೇ ಮಲಗಿತು. ಹಾಗೆಂದು ಬಾಯಿ ಬಿಟ್ಟರೆ ವ್ರತ ಹೋಯಿತು. ಅರ್ಧ ಅರ್ಧ ಮಾಡಿಯೂ ನೋಡಿದೆ. ಮೌನವೂ ನೆಟ್ಟಗಾಗಲಿಲ್ಲ, ಪಾಠವೂ ನೆಟ್ಟಗಾಗಲಿಲ್ಲ. ಆದರೂ ಬುದ್ಧಿ, ಹಿಡಿದದ್ದನ್ನು ಬಿಡುವವನಲ್ಲ ನಾನು."

"ಅದು ಗೊತ್ತು. ನಿನ್ನಂಥ ಹಟಮಾರಿಗಳನ್ನು ನಾನು ನೋಡಿಲ್ಲ ಅಂದುಕೊಂಡೆಯಾ? ನಾನು ಈಗ ಶಾಸ್ತ್ರ ಹೇಳಿದರೆ ನೀನು ತಲೆದೂಗಿ ಎದ್ದು ಹೋಗುತ್ತೀಯೆ. ಬೇಡ. ಒಬ್ಬ ಜೀಪಿನವನ ಕತೆ ಹೇಳುತ್ತೇನೆ. ಕೂತುಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ."

ನಾಗಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಬೆಟ್ಟದ ಮೇಲೆ ಒಂದು ಊರು. ಊರಿಗೆಲ್ಲ ಇದ್ದದ್ದು ಒಂದೇ ಜೀಪು. ರೇಷನ್ ಅಕ್ಕಿ ತರುವುದು ಅದರಲ್ಲಿ, ಮದುವೆಯಾದ ಹೆಣ್ಣನ್ನು ಕಳಿಸುವುದು ಅದರಲ್ಲಿ, ಕಾಯಿಲೆಯವರನ್ನು ಕೆಳಗಿನ ಆಸ್ಪತ್ರೆಗೆ ಒಯ್ಯುವುದೂ ಅದರಲ್ಲೇ. ದಾರಿಯಲ್ಲಿ ಒಂದು ಹಳ್ಳ. ಹಳ್ಳದ ನಡುವೆ, ಎರಡು ಗಾಲಿಜಾಡುಗಳ ಮಧ್ಯದಲ್ಲಿ, ಒಂದು ಬಂಡೆ. ಎರಡು ಕಡೆಯೂ ದಡ ಕಡಿದಾಗಿತ್ತು. ದಾಟಲು ಇದ್ದದ್ದು ಅದೊಂದೇ ಜಾಗ. ಕಾಯ್ದಿಟ್ಟ ಕಾಡು, ಆದ್ದರಿಂದ ಸಿಡಿಮದ್ದು ಇಡುವಂತಿಲ್ಲ. ಸುತ್ತಿಗೆಗೆ ಜಗ್ಗುವ ಕಲ್ಲೂ ಅದಲ್ಲ. ಜೀಪು ಖಾಲಿ ಇದ್ದರೆ ಹೇಗೋ ದಾಟುತ್ತಿತ್ತು. ಜನ ತುಂಬಿದ್ದರೆ ಎಲ್ಲರೂ ಇಳಿದು, ನೀರಿನಲ್ಲಿ ನಡೆದು, ಆಚೆ ದಡದಲ್ಲಿ ಮತ್ತೆ ಹತ್ತುತ್ತಿದ್ದರು. ಅದು ಅವರಿಗೆ ರೂಢಿಯಾಗಿತ್ತು.

ಒಂದು ದಿನ ಜೀಪಿನವನ ತಮ್ಮ ಜೇನು ಕೀಳಲು ಹೋಗಿ ಮರದಿಂದ ಬಿದ್ದ. ಅವನನ್ನು ಹಿಂದೆ ಮಲಗಿಸಿ, ಅಲುಗದಂತೆ ಹಿಡಿದುಕೊಂಡು ನಾಲ್ಕಾರು ಜನ ಕುಳಿತರು. ಹಳ್ಳಕ್ಕೆ ಬಂದಾಗ ಅವನನ್ನು ಇಳಿಸುವಂತಿರಲಿಲ್ಲ. ಹಿಡಿದವರು ಕೈ ಬಿಡುವಂತಿರಲಿಲ್ಲ. ಜೀಪು ಹಾಗೇ ನೀರಿಗಿಳಿಯಿತು. ನಡುವೆ ಅದರ ಹೊಟ್ಟೆ ಬಂಡೆಯ ಮೇಲೆ ಕೂತುಬಿಟ್ಟಿತು. ಇಂಜಿನ್ನಿನ ತಳದಲ್ಲಿರುವ ಎಣ್ಣೆಯ ಚೇಂಬರ್ ಒಡೆದು ಹಳ್ಳದ ನೀರೆಲ್ಲ ಕಪ್ಪಾಯಿತು. ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು ಓಡಿದರು. ಡಾಂಬರು ರಸ್ತೆ ಕಾಣುವ ಮೊದಲೇ ತಮ್ಮ ಹೋಗಿಬಿಟ್ಟ. ಅವನ ಹೆಂಡತಿ ಆಗ ಬಸುರಿ.

ಮಣ್ಣು ಮಾಡಿ ಬಂದ ಮೇಲೆ ಜೀಪಿನವನು ಊರವರ ಮುಂದೆ ನಿಂತು ಹೇಳಿದ:

"ಇವಳ್ ಹೆರಿಗೆಗೆ ನಾನೇ ಕರ್ಕೊಂಡು ಹೋಯ್ತೀನಿ. ನನ್ ಜೀಪಿನ್ ಹೊಟ್ಟೆ ಇನ್ನೊಂದ್ ಸಲ ಆ ಬಂಡೆಗೆ ತಾಗಿದ್ರೆ ನಾ ಮನುಷ್ಯನೇ ಅಲ್ಲ."

ಇದು ವ್ರತ ನಾಗಲಿಂಗ. ವಿಭೂತಿ ಹಚ್ಚಿಕೊಂಡು ಹಿಡಿದದ್ದು ಮಾತ್ರ ವ್ರತ ಅಂದುಕೊಳ್ಳಬೇಡ.

ಅವನು ಜೀಪನ್ನು ಎಳೆಸಿಕೊಂಡು ಕೆಳಗಿನ ಪೇಟೆಯ ಗ್ಯಾರೇಜಿಗೆ ಹೋದ. ಚೇಂಬರ್ ಹೊಸದಾಯಿತು. ಆಮೇಲೆ ಜೀಪನ್ನು ಎತ್ತರಿಸಬೇಕು ಎಂದ. ಎಷ್ಟು ಎತ್ತಬೇಕು ಎಂದು ಮೇಸ್ತ್ರಿ ಕೇಳಿದ.

"ಎಷ್ಟಾಯ್ತದೋ ಅಷ್ಟು ಎತ್ತು ಮೇಸ್ತ್ರಿ."

ಮೇಸ್ತ್ರಿಗೂ ಹುರುಪು ಬಂತು. ಅಂಥ ಗಿರಾಕಿ ದಿನಾ ಸಿಗುವುದಿಲ್ಲ. ಹಳೆಯ ಕಮಾನುಪಟ್ಟಿಗಳನ್ನು ಬಿಚ್ಚಿ ಹೆಚ್ಚು ಬಾಗಿದ ಹೊಸ ಪಟ್ಟಿ ಹಾಕಿದ. ಅದು ಸಾಲದೆಂದು ಪಟ್ಟಿಗೂ ಗಾಲಿಗಳ ಅಚ್ಚಾದ ಆಕ್ಸಲಿಗೂ ನಡುವೆ ಕಬ್ಬಿಣದ ದಿಮ್ಮಿ ಕೂರಿಸಿದ. ದೊಡ್ಡ ಗಾಲಿ ಹಾಕಿದ. ಜೀಪು ಒಂದು ಗೇಣಿಗಿಂತಲೂ ಮೇಲೆದ್ದಿತು. ಊರಿಗೆ ಬಂದಾಗ ಹೆಂಗಸರು ಅದನ್ನು ಸುತ್ತಿ ನೋಡಿ, ಹತ್ತಲು ಏಣಿ ಎಲ್ಲಿ ಎಂದು ಕೇಳಿದರು. ಒಬ್ಬ ಮುದುಕ, ಮಾವುತನನ್ನೂ ಕರೆತಂದೆಯಾ ಎಂದ. ಜೀಪಿನವನು ನಗಲಿಲ್ಲ. ಊರ ಗಂಡಸರನ್ನೆಲ್ಲ ತುಂಬಿಕೊಂಡು ನೇರ ಹಳ್ಳಕ್ಕೆ ಹೋದ. ಎದುರಿನ ದಡದ ಮೇಲೆ ಕಣ್ಣಿಟ್ಟು, ಹಲ್ಲು ಕಚ್ಚಿ, ಬಂಡೆಯ ಮೇಲೆ ಹಾಯಿಸಿದ. ಹೊಟ್ಟೆ ತಾಗಲಿಲ್ಲ. ವ್ರತ ಗೆದ್ದಿತು. ಅವನು ಆ ದಿನ ಹೊಟ್ಟೆ ತುಂಬ ಉಂಡ.

ಕಾಟ ಶುರುವಾದದ್ದು ಆಮೇಲೆ.

ಹಳ್ಳ ದಾಟಿ ದಡ ಏರುವಾಗ ನಾಲ್ಕು ಗಾಲಿಯೂ ಎಳೆಯಬೇಕು. ಏರಿನಲ್ಲಿ ಜೀಪಿನ ಅಡಿಯಿಂದ ಕಟಕಟ ಎಂಬ ಸದ್ದು ಬಂತು. ಕೆಲವು ದಿನಕ್ಕೆ ಮುಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟಿನ ತುದಿಯ ಕ್ರಾಸ್ ಎಂಬ ಬಾಗುವ ಕೀಲು ಮುರಿದುಬಿತ್ತು. ಇನ್ನೊಂದು ಹಾಕಿಸಿದ. ಅದೂ ಮುರಿಯಿತು. ಇಂಜಿನ್ ಮೇಲೆ ಹೋಗಿದೆ, ಆಕ್ಸಲ್ ಕೆಳಗೇ ಉಳಿದಿದೆ, ನಡುವಿನ ಶಾಫ್ಟ್ ಕಡಿದಾಗಿ ಇಳಿಯಬೇಕಾಗಿದೆ. ಪಾಪ, ಕ್ರಾಸ್ ಎಷ್ಟೆಂದು ಬಾಗೀತು? ಮೇಸ್ತ್ರಿ ಪಟ್ಟಿಗೂ ಆಕ್ಸಲಿಗೂ ನಡುವೆ ಒಂದು ಬೆಣೆ ಇಟ್ಟು, ಶಾಫ್ಟ್ ಬಂದು ಸೇರುವ ಆಕ್ಸಲಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದ. ಜೀಪಿನವನು, ಶಾಫ್ಟ್ ಕೋಲಿನಂತೆ ನೆಟ್ಟಗಾಗಬೇಕು ಎಂದು ಹಟ ಹಿಡಿದ. ಮೇಸ್ತ್ರಿ ನಕ್ಕ.

"ಕ್ರಾಸ್ ಇರೋದೇ ಬಾಗಕೆ ಕಣಪ್ಪ. ನೆಟ್ಟಗೆ ನಿಲ್ಸಿದ್ರೆ ಒಂದೇ ಕಡೆ ಸವೀತದೆ. ಎರಡು ತುದೀನೂ ಒಂದೇ ಸಮ ಬಾಗಿದ್ರೆ ಸಾಕು, ಒಂದರ ಕುಣಿತವ ಇನ್ನೊಂದು ತಿಂದಾಕ್ತದೆ."

ಹಾಗೇ ಮಾಡಿದ. ಸದ್ದು ನಿಂತಿತು. ಜೀಪು ಏರನ್ನು ಬೆಣ್ಣೆಯಂತೆ ಏರಿತು. ಆದರೆ ಇಳಿಜಾರಿಗೆ ಬಂದರೆ ಸ್ಟೇರಿಂಗ್ ಮಾತು ಕೇಳದು.

ಯಾಕೆ ಹೇಳು? ಮುಂದಿನ ಆಕ್ಸಲ್ ಒಂದೇ. ಶಾಫ್ಟ್ ಸೇರುವ ಮೂತಿಯೂ ಅದರಲ್ಲಿದೆ. ಗಾಲಿ ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್ ಪಿನ್ನೂ ಅದರ ತುದಿಯಲ್ಲೇ ಇದೆ. ಆ ಪಿನ್ನಿನ ತಲೆ ಸ್ವಲ್ಪ ಹಿಂದಕ್ಕೆ ಒರಗಿರಬೇಕು. ಸೈಕಲ್ಲಿನ ಮುಂದಿನ ಕವೆ ಒರಗಿರುತ್ತದಲ್ಲ, ಹಾಗೆ. ಅದು ಒರಗಿರುವುದರಿಂದಲೇ ನಮ್ಮ ಮಠದ ಪೋರರು ಕೈ ಬಿಟ್ಟು ಸೈಕಲ್ ಹೊಡೆಯುತ್ತಾರೆ. ಜೀಪಿನಲ್ಲೂ ಅಷ್ಟೇ. ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರಬೇಕು. ಮೂತಿಯನ್ನು ಮೇಲಕ್ಕೆ ತಿರುಗಿಸಿದಾಗ ಪಿನ್ನಿನ ತಲೆ ಮುಂದಕ್ಕೆ ವಾಲಿತು. ಜೀಪು ತಿರುಗಿದ ಕಡೆಗೇ ತಿರುಗಿಕೊಂಡು ಹೋಗತೊಡಗಿತು. ಒಂದು ಕಡೆ ಕಮರಿ, ಒಂದು ಕಡೆ ಗೋಡೆಯಂಥ ಬೆಟ್ಟ. ಜೀಪಿನವನ ತೋಳು ಸೋತುಹೋಯಿತು. ಕುಳಿತವರು ದೇವರನ್ನು ನೆನೆದರು.

ಅವನು ಬಿಡುವವನೇ? ಮತ್ತೆ ಗ್ಯಾರೇಜಿಗೆ ಹೋದ. ಮೇಸ್ತ್ರಿ ಬೆಣೆಯನ್ನು ತಿರುವಿ ಹಾಕಿದ. ಸ್ಟೇರಿಂಗ್ ಸಾಧುವಾಯಿತು. ಏರಿನಲ್ಲಿ ಕ್ರಾಸ್ ಮುರಿಯಿತು. ಮತ್ತೆ ಹೋದ. ಅರ್ಧ ಅಲ್ಲಿಗೆ ಅರ್ಧ ಇಲ್ಲಿಗೆ ಎಂದು ತೆಳು ಬೆಣೆ ಹಾಕಿದರು. ಆಗ ಸ್ಟೇರಿಂಗೂ ಅರ್ಧ ಕೆಟ್ಟಿತು, ಶಾಫ್ಟೂ ಅರ್ಧ ಕೆಟ್ಟಿತು. ನೀನು ಬೆಳಗ್ಗೆ ಮೌನ, ಮಧ್ಯಾಹ್ನ ಪಾಠ ಮಾಡಿದೆಯಲ್ಲ, ಹಾಗೆ.

ಆಮೇಲೆ ಅವನು ಯಾರನ್ನೂ ನಂಬಲಿಲ್ಲ. ತಾನೇ ಬೆಣೆ ಕೊಯ್ದ. ಗಾರೆಯವರ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಪಿನ್ನು ಎಷ್ಟು ಒರಗಿದೆ, ಶಾಫ್ಟ್ ಎಷ್ಟು ಇಳಿದಿದೆ ಎಂದು ಜೀಪಿನ ಅಡಿಯಲ್ಲಿ ಮಲಗಿ ನೋಡಿದ. ಬೆನ್ನಿಗೆ ಕಲ್ಲು ಒತ್ತಿದರೂ ಏಳಲಿಲ್ಲ. ಬಿಚ್ಚುವುದು, ಕಟ್ಟುವುದು, ಹಳ್ಳಕ್ಕೆ ಹೋಗುವುದು, ಇಳಿಜಾರಿಗೆ ಹೋಗುವುದು. ಅವನ ಹೆಂಡತಿ ಊಟವನ್ನು ಜೀಪಿನ ಅಡಿಗೇ ತಳ್ಳುತ್ತಿದ್ದಳು. ಅಂಥ ಹಟ ನನಗೆ ಇಷ್ಟ ನಾಗಲಿಂಗ. ನಿನ್ನಲ್ಲೂ ಅದು ಇದೆ, ಅದಕ್ಕೇ ನಿನ್ನನ್ನು ಬೈಯುತ್ತಿಲ್ಲ. ಆದರೆ ಅವನು ಎಷ್ಟು ಹಟ ಮಾಡಿದರೂ ಆಕ್ಸಲ್ ಒಂದು ಎರಡಾಗಲಿಲ್ಲ. ಮೂತಿಯನ್ನು ಸರಿಮಾಡಿದರೆ ಪಿನ್ನು ಕೆಟ್ಟಿತು, ಪಿನ್ನನ್ನು ಸರಿಮಾಡಿದರೆ ಮೂತಿ ಕೆಟ್ಟಿತು.

ಹೆರಿಗೆ ಹತ್ತಿರ ಬಂತು. ಒಂದು ಸಂಜೆ ತಮ್ಮನ ಹೆಂಡತಿ ಬಂದು ಜೀಪಿನ ಪಕ್ಕದಲ್ಲಿ ನಿಂತಳು. ಅವನು ಅಡಿಯಲ್ಲಿದ್ದ. ಅವನಿಗೆ ಅವಳ ಪಾದ ಮಾತ್ರ ಕಾಣಿಸುತ್ತಿತ್ತು. ಪಾದ ಊದಿಕೊಂಡಿತ್ತು.

"ಭಾವ, ನಾ ನಾಳಿಂದ ಒಂದೊಂದೇ ಊರು ಇಳ್ಕೊಂಡು ನಡ್ಕಂಡೇ ಹೋಯ್ತೀನಿ. ಕೆಳಗ ನಮ್ಮತ್ತೆಯ ತಂಗಿ ಮನೇಲಿ ಇದ್ದು ಆಸ್ಪತ್ರೆಗೆ ಹೋಯ್ತೀನಿ."

"ಯಾಕವ್ವ? ನಾ ಕರ್ಕೊಂಡು ಹೋಗಲ್ವಾ? ಬಂಡೆ ತಾಗಕಿಲ್ಲ, ಆಣೆ ಮಾಡಿವ್ನಿ."

"ಬಂಡೆ ದಾಟುಸ್ತೀರಿ ಭಾವ. ತಿರುವು ಯಾರು ದಾಟುಸ್ತಾರೆ?"

ಅವನು ಅಡಿಯಿಂದ ಈಚೆಗೆ ಬರಲಿಲ್ಲ. ಅವಳ ಪಾದ ತಿರುಗಿ ಹೋಗುವುದನ್ನು ಮಲಗಿದಲ್ಲಿಂದಲೇ ನೋಡಿದ. ಯಾರಿಗಾಗಿ ಜೀಪು ಎತ್ತಿದನೋ ಅವಳೇ ಹತ್ತುವುದಿಲ್ಲ ಎಂದಳು. ಅವನಿಗೆ ಎಷ್ಟು ಸಂಕಟವಾಯಿತು ಎಂದರೆ ಕೈಯಲ್ಲಿದ್ದ ಸ್ಪ್ಯಾನರನ್ನು ಜೀಪಿಗೇ ಬೀಸಿ ಹೊಡೆದ.

ಬೆಳಗಾಗುತ್ತಲೇ ಅವಳ ಮನೆಗೆ ಹೋಗಿ, ಮೂರು ದಿನ ತಡಿ ತಾಯಿ ಎಂದು ಕೈ ಮುಗಿದು ಬೇಡಿಕೊಂಡ. ಅಲ್ಲಿಂದ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಮೇಲೆ ಹರಿಹಾಯ್ದ. ಆಕ್ಸಲಿನ ತುದಿಗಳನ್ನು ಕೊಯ್ದು ಪಿನ್ನನ್ನು ಬೇರೆಯಾಗಿ ತಿರುಗಿಸಿ ಬೆಸುಗೆ ಹಾಕು, ಮೂತಿ ಹೇಗಾದರೂ ಇರಲಿ ಎಂದ. ಹಾಗೆ ಮಾಡುವುದೂ ಉಂಟು. ಮೇಸ್ತ್ರಿಗೆ ಅದು ಗೊತ್ತಿತ್ತು. ಆದರೆ ಆ ಆಕ್ಸಲ್ ಹಳೆಯದು. ಬೆಸುಗೆ ಬಿಟ್ಟರೆ ಗಾಲಿಯೇ ಕಳಚಿಹೋಗುತ್ತದೆ, ಬಸುರಿ ಹೆಂಗಸು ಕೂರುವ ಗಾಡಿಗೆ ನಾನು ಆ ಕೆಲಸ ಮಾಡುವುದಿಲ್ಲ ಎಂದುಬಿಟ್ಟ. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ:

"ಅಲ್ಲಪ್ಪ, ಆ ಬಂಡೆ ಎಷ್ಟೆತ್ರ ಅದೆ?"

ಜೀಪಿನವನು ತನ್ನ ಸೊಂಟದ ಹತ್ತಿರ ಕೈ ಇಟ್ಟು ತೋರಿಸಿದ. ಮೇಸ್ತ್ರಿ ಆ ಕೈಯನ್ನು ನೋಡಿದ, ಹೊರಗೆ ನಿಂತ ಜೀಪನ್ನು ನೋಡಿದ.

"ಅಷ್ಟೆತ್ರ ಇದ್ರೆ ಈಗ್ಲೂ ತಾಗ್ಬೇಕಿತ್ತಲ್ಲ. ಕೋಲಿಟ್ಟು ನೋಡಿದ್ದೀಯಾ?"

"ನನ್ ತಮ್ಮ ಸತ್ತ ಜಾಗ ಮೇಸ್ತ್ರಿ ಅದು. ನಂಗ್ ಗೊತ್ತಿಲ್ವಾ?" ಎಂದು ಅವನು ಕೂಗಿದ. ಗ್ಯಾರೇಜಿನವರೆಲ್ಲ ತಿರುಗಿ ನೋಡಿದರು.

ಅವನು ಸಿಟ್ಟಿನಲ್ಲೇ ಹೊರಟ. ಆ ಬಂಡೆಯನ್ನು ಅಳೆದು, ಕೋಲನ್ನು ತಂದು ಮೇಸ್ತ್ರಿಯ ಮುಂದೆ ಎಸೆಯಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ಬಿದಿರು ಮೆಳೆಯಲ್ಲಿ ಒಂದು ಉದ್ದನೆಯ ಗಳ ಕಡಿದುಕೊಂಡ. ಗಿಡ್ಡದ್ದು ಸಾಲದು ಎಂದು ಉದ್ದನೆಯದನ್ನೇ ಆರಿಸಿದ. ಜೀಪನ್ನು ದಡದಲ್ಲಿ ನಿಲ್ಲಿಸಿ ನೀರಿಗೆ ಕಾಲಿಟ್ಟ.

ತಮ್ಮನನ್ನು ಕಂಬಳಿಯಲ್ಲಿ ಹೊತ್ತು ಹೋದ ಮೇಲೆ ಅವನು ಆ ನೀರಿಗೆ ಕಾಲಿಟ್ಟದ್ದು ಅದೇ ಮೊದಲು. ಅದರ ಮೇಲೆ ಎಷ್ಟೋ ಸಲ ಜೀಪು ಹಾಯಿಸಿದ್ದ. ಹಾಯಿಸುವಾಗೆಲ್ಲ ಎದುರಿನ ದಡವನ್ನು ನೋಡುತ್ತಿದ್ದ. ಕೆಳಗೆ ನೋಡಿರಲಿಲ್ಲ.

ಬಂಡೆಯ ಪಕ್ಕಕ್ಕೆ ಹೋಗಿ ನಿಂತ. ಅದು ಅವನ ಸೊಂಟಕ್ಕೆ ಬರಲಿಲ್ಲ. ಮೊಳಕಾಲಿಗೂ ಬರಲಿಲ್ಲ. ಕಣಕಾಲಿನ ಮೇಲೆ ಒಂದು ಗೇಣು ಇತ್ತು, ಅಷ್ಟೇ. ಇದು ಆ ಬಂಡೆ ಅಲ್ಲ ಅಂದುಕೊಂಡ. ಹಳ್ಳದಲ್ಲಿ ಮೇಲಕ್ಕೂ ಕೆಳಕ್ಕೂ ನಡೆದು ಹುಡುಕಿದ. ಬೇರೆ ಬಂಡೆ ಇರಲಿಲ್ಲ. ತಿರುಗಿ ಬಂದು ಬಗ್ಗಿ ನೋಡಿದ. ಅದರ ನೆತ್ತಿಯ ಮೇಲೆ ಕಬ್ಬಿಣ ಉಜ್ಜಿದ ಗೆರೆ ಇತ್ತು. ತಾನು ಒಡೆದುಕೊಂಡ ಚೇಂಬರಿನ ಗೆರೆ. ಅದೇ ಬಂಡೆ.

ಇಷ್ಟೇ ಇಷ್ಟು ಕಲ್ಲಿಗೆ ತನ್ನ ತಮ್ಮ ಹೋದನೇ ಎಂದು ಅವನಿಗೆ ತಡೆಯಲಾಗಲಿಲ್ಲ. ದೊಡ್ಡ ಬಂಡೆಯಾಗಿದ್ದರೆ ಎಷ್ಟೋ ವಾಸಿ ಎನಿಸಿತು. ಮಣೆಯ ಮೇಲೆ ಕುಳಿತಂತೆ ಅದರ ಮೇಲೆ ಕುಳಿತುಕೊಂಡ. ಮಣ್ಣು ಮಾಡಿದ ದಿನ ಅಳದಿದ್ದವನು ಆ ದಿನ ಗೊಳೋ ಎಂದು ಅತ್ತ. ಹಳ್ಳದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಎದ್ದು ಗಳವನ್ನು ಬಂಡೆಗೆ ಒತ್ತಿ ಹಿಡಿದು, ಮಚ್ಚಿನಿಂದ ಒಂದು ಗೀರು ಹಾಕಿದ. ಜನ ತುಂಬಿದಾಗ ಜೀಪು ಎಷ್ಟು ಕೂರುತ್ತದೆ ಎಂದು ಲೆಕ್ಕ ಹಾಕಿ ಅದನ್ನೂ ಸೇರಿಸಿ ಮೇಲೆ ಇನ್ನೊಂದು ಗೀರು ಹಾಕಿದ. ಮಿಕ್ಕ ಗಳವನ್ನು ಕಡಿದು ಹಳ್ಳಕ್ಕೆ ಬಿಟ್ಟ. ಕೈಯಲ್ಲಿ ಉಳಿದದ್ದು ಗಿಡ್ಡ ಕೋಲು. ಅದನ್ನು ತಂದು ಮೇಸ್ತ್ರಿಯ ಕೈಗೆ ಕೊಟ್ಟ. ಎಸೆಯಲಿಲ್ಲ.

ಮೊದಲಿದ್ದ ಎತ್ತರಕ್ಕಿಂತ ನಾಲ್ಕು ಬೆರಳು ಹೆಚ್ಚು ಸಾಕಾಗಿತ್ತು. ದಿಮ್ಮಿ ಬಿಚ್ಚಿದರು. ಪಟ್ಟಿ ಬದಲಿಸಿದರು. ಜೀಪು ಇಳಿದು ಬಂದಂತೆ ಶಾಫ್ಟ್ ತಾನಾಗಿ ಹದಕ್ಕೆ ಬಂತು. ಎರಡು ತುದಿಯ ಕ್ರಾಸೂ ಒಂದೇ ಸಮ ಬಾಗಿ ನಿಂತವು. ಪಿನ್ನು ಒರಗಲು ಬೆರಳಿಗಿಂತ ತೆಳುವಾದ ಒಂದು ಬೆಣೆ ಸಾಕಾಯಿತು. ಅಷ್ಟು ದಿನ ಒಂದರ ಜುಟ್ಟು ಒಂದು ಹಿಡಿದುಕೊಂಡಿದ್ದ ಎರಡು ಕೋನಗಳು ಒಂದೇ ಆಕ್ಸಲಿನಲ್ಲಿ ಜಗಳವಿಲ್ಲದೆ ಕುಳಿತವು.

ಹಟವನ್ನು ಮಾತ್ರ ಅವನು ಇಳಿಸಲಿಲ್ಲ. ಅಂದೇ ಜೀಪನ್ನು ಇಳಿಜಾರಿಗೆ ಒಯ್ದ. ತಿರುವು ಮುಗಿದಾಗ ಕೈ ಸಡಿಲ ಬಿಟ್ಟ. ಸ್ಟೇರಿಂಗ್ ನಡುವಿಗೆ ಬಂತು. ನಂಬದೆ ಮೇಲೆ ಹೋಗಿ ಮತ್ತೆ ಇಳಿದ. ಮತ್ತೆ ಬಂತು. ಹಳ್ಳದ ದಡವನ್ನು ಜನ ತುಂಬಿಕೊಂಡು ಏರಿದ. ಸದ್ದು ಬರಲಿಲ್ಲ.

ತಮ್ಮನ ಹೆಂಡತಿಗೆ ನೋವು ಕಾಣಿಸಿಕೊಂಡಾಗ ಮಳೆ ಹಿಡಿದಿತ್ತು. ಹಳ್ಳದಲ್ಲಿ ಬಂಡೆ ಕಾಣುತ್ತಿರಲಿಲ್ಲ. ಅವನಿಗೆ ಕಾಣಬೇಕಾಗಿರಲಿಲ್ಲ, ಅದರ ಮೇಲೆ ಕುಳಿತು ಬಂದವನಲ್ಲವೇ? ನಿಧಾನವಾಗಿ ನೀರಿಗಿಳಿಸಿ ನಿಧಾನವಾಗಿ ಏರಿಸಿದ. ಮೊದಲ ತಿರುವಿನಲ್ಲಿ ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಇನ್ನೊಂದೆರಡು ತಿರುವು ಕಳೆದ ಮೇಲೆ ಒಂದು ಕೈ ಬಿಟ್ಟು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅವನು ಅದನ್ನು ನೋಡಿದ. ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಗು​ರುಗಳು ಕತೆ ನಿಲ್ಲಿಸಿದರು. ನಾಗಲಿಂಗ ಕಾಯಿ ಸುಲಿಯುವುದನ್ನು ಯಾವಾಗಲೋ ಮರೆತಿದ್ದ.

"ಹಾಗಾದರೆ ನನ್ನ ಮೌನವನ್ನು ಇಳಿಸಬೇಕು ಎನ್ನುತ್ತೀರಾ ಬುದ್ಧಿ?"

"ಇಳಿಸು ಎಂದು ನಾನೆಲ್ಲಿ ಹೇಳಿದೆ?" ಗುರುಗಳ ದನಿಯಲ್ಲಿ ಸಿಡುಕಿತ್ತು. "ಎತ್ತಿದ್ದು ಯಾಕೆ, ಅದನ್ನು ಹೇಳು."

ನಾಗಲಿಂಗ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದ. ಆಮೇಲೆ ಹೇಳಿದ:

"ತಂಗಿಗೆ ಒಂದು ಮಾತು ಅಂದುಬಿಟ್ಟೆ ಬುದ್ಧಿ. ಗಂಡನನ್ನು ಕಳೆದುಕೊಂಡು ನಿಂತವಳಿಗೆ ಅನ್ನಬಾರದ ಮಾತು. ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು. ಆಮೇಲೆ ನಾನು ಅವಳ ಮುಖ ನೋಡಿಲ್ಲ. ಇನ್ನು ಈ ನಾಲಿಗೆ ಯಾರನ್ನೂ ನೋಯಿಸಬಾರದು ಎಂದು ಮೌನ ಹಿಡಿದೆ."

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದರೆ ನೀನೂ ಕೋಲಿಟ್ಟು ಅಳೆದಿಲ್ಲ. ಅವಳ ಮನೆ ಇಲ್ಲಿಂದ ಎಷ್ಟು ದೂರ?"